ನಾಲ್ಕನೆಯ ಕಾಲಂ

ಮೊದಲು ಅದೊಂದು ಬಸ್ಸು.
ಸ್ಪೈಸ್‌ವುಡ್ ಹಳ್ಳದ ಶಾಲೆ ಮುಚ್ಚಿದ ವರ್ಷ
ಹರಾಜಿಗೆ ಬಂದ ಹಳದಿ ಬಸ್ಸು.
ಸೀಟು ಕಿತ್ತು, ಕಿಟಕಿಗೆ ಕೋಳಿಬಲೆ ಬಿಗಿದು
ವರ್ಲೀನ್ ಸ್ಟಿಡಮ್ ಅದನ್ನು ತನ್ನ ತಂಬಾಕಿನ ಕೊಟ್ಟಿಗೆಯ ಪಕ್ಕ ನಿಲ್ಲಿಸಿದಳು.
ಟೈರು ಇರಲಿಲ್ಲ.
ಹೋಗಬೇಕಾದ ಊರೂ ಇರಲಿಲ್ಲ.
ಒಳಗೆ ಹನ್ನೊಂದು ನಾಯಿ, ಒಂದು ಮೇಕೆ,
ಡ್ರೈವರನ ಜಾಗದಲ್ಲಿ
ಯಾರನ್ನೂ ಹತ್ತಿರ ಸೇರಿಸದ ಕುಂಟ ಬೆಕ್ಕು.

ನಾನು ಕಲ್ಲಿದ್ದಲು ಗಣಿಯಲ್ಲಿ ಹಾಜರಿ ಬರೆಯುತ್ತಿದ್ದವನು.
ಗಣಿ ಮುಚ್ಚಿತು, ಪೆನ್ನು ಉಳಿಯಿತು.
"ಲೆಕ್ಕ ಬರಿ ಓಡೆಲ್, ಸಂಬಳ ಇಲ್ಲ, ಕಾಫಿ ಉಂಟು."
ಉದ್ದ ಪುಸ್ತಕ ತೆರೆದು ಗೆರೆ ಎಳೆದೆ:
ತಾರೀಕು. ಪ್ರಾಣಿ. ತಂದವರು. ಕಾರಣ.

ಮೂರು ಸಲೀಸು. ನಾಲ್ಕನೆಯದಕ್ಕೆ ಜನ ತಡವರಿಸುತ್ತಿದ್ದರು.
"ಊರು ಬಿಡ್ತಿದೀವಿ" ಅಂತ ನೆಲ ನೋಡಿ ಹೇಳಿದವರು
ಮಾರನೇ ವಾರ ಅಂಗಡಿಯಲ್ಲಿ ಎದುರಾಗುತ್ತಿದ್ದರು.
ನಾನು ಟೋಪಿ ಮುಟ್ಟಿ ಮುಂದೆ ಸಾಗುತ್ತಿದ್ದೆ,
ಒಳಗೊಳಗೇ ಬೈಯುತ್ತ: ಕಲ್ಲೆದೆ, ಕಲ್ಲೆದೆ.

ಆಮೇಲೊಂದು ನವೆಂಬರ್, ಹುಡುಗನೊಬ್ಬ
ಮೂರು ಮೈಲಿ ನಡೆದು ಬಂದ.
ಹಗ್ಗದ ತುದಿಗೆ ಕಂದು ನಾಯಿ. ಹೆಸರು ಬಿಸ್ಕೆಟ್.
ಕಾರಣ?
"ನಾವು ತಿನ್ನೋದನ್ನೇ ಅದೂ ತಿನ್ನುತ್ತೆ.
ಈಗ ನಾವು ತಿಂತಾ ಇಲ್ಲ."

ಬರೆದೆ.
ಪೆನ್ನಿನ ಮುಚ್ಚಳ ಎಲ್ಲಿ ಹೋಯಿತೋ ಸಿಗಲಿಲ್ಲ.

ಆ ರಾತ್ರಿ ವರ್ಲೀನ್ ಪುಸ್ತಕವನ್ನು ಹಿಂದಿನಿಂದ ಓದಿದಳು,
ಬೆರಳು ಆ ಒಂದೇ ಕಾಲಂ ಮೇಲೆ.
ಸರಪಳಿ ಹರಿದುಕೊಂಡು ಕೋಳಿ ಹಿಡಿಯಿತು.
ಮರಿ ಹಾಕಿತು. ಮತ್ತೆ ಮರಿ ಹಾಕಿತು. ಮತ್ತೆ.
ಅಮ್ಮ ಆಸ್ಪತ್ರೆಯಲ್ಲಿ. ಅಪ್ಪ ಜೈಲಿನಲ್ಲಿ. ಮನೆ ಸುಟ್ಟಿತು. ಮತ್ತೆ ಮರಿ.
"ಇದು ನಾಯಿಗಳ ಪುಸ್ತಕ ಅಲ್ಲ ಕಣೋ" ಅಂದಳು.
ದೀಪ ಆರಿಸಿದಳು.

ಬೆಳಗ್ಗೆ ಬಿಸ್ಕೆಟನ್ನು ಅದರ ಮನೆಗೇ ಬಿಟ್ಟುಬಂದೆವು,
ಜೊತೆಗೆ ಎರಡು ಚೀಲ.
ಒಂದು ನಾಯಿಯದು. ಇನ್ನೊಂದು
ಬರೆಯಬೇಡ ಅಂದಳು, ಬರೆಯಲಿಲ್ಲ.

ಹಾಗೆ ಶುರುವಾಯಿತು, ಬಸ್ಸಿನಿಂದ ಹೊರಕ್ಕೆ.
ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ
ಬೀನ್ಸ್ ಡಬ್ಬಿಗಳ ಕೆಳಗಿನ ಹಲಗೆ ನಾಯಿಬೆಕ್ಕುಗಳದಾಯಿತು.
ಪಾದ್ರಿ ಗೊಣಗಿದ; ಫೆಬ್ರವರಿಯಲ್ಲಿ
ಅವನೇ ತನ್ನ ಬೆಕ್ಕಿಗೆಂದು ಕತ್ತಲಾದ ಮೇಲೆ ಬಂದ.
ತಿಂಗಳಿಗೊಮ್ಮೆ ಲೆಕ್ಸಿಂಗ್ಟನ್ ಕಡೆಯಿಂದ ಡಾಕ್ಟರಮ್ಮನ ಬಿಳಿ ವ್ಯಾನು.
ಹೊಟ್ಟೆ ಕೊಯ್ದು ಹೊಲಿಯುವ ದಿನ,
ಮಂಜು ಕರಗುವ ಮೊದಲೇ ಸಾಲು:
ಬಟ್ಟೆ ಬುಟ್ಟಿಯಲ್ಲಿ ಬೆಕ್ಕು, ದಿಂಬಿನ ಚೀಲದಲ್ಲಿ ಬೆಕ್ಕು,
ಅಜ್ಜಿಯೊಬ್ಬಳ ಕೋಟಿನೊಳಗೆ ಬೆಕ್ಕು.

ಬೇಲಿ ಹಾಕಲು ಹಳೆ ಗಣಿಯವರು ಬಂದರು,
ಕೆಮ್ಮುತ್ತ, ಕೆಮ್ಮಿನ ನಡುವೆ ನಗುತ್ತ.
ನೆಲ ಅಗೆಯುವುದು ನಮಗೆ ಹೊಸದೇ?
ಮನೆ ಮನೆಗೆ ಹೋಗಿ ಕಂಬ ನೆಟ್ಟು, ತಂತಿ ಎಳೆದು
ಸರಪಳಿ ಕಳಚಿದರು.
ಬಿಟ್ಟ ನಾಯಿ ಮೊದಲ ದಿನ
ಸರಪಳಿಯಷ್ಟೇ ಉದ್ದದ ವೃತ್ತದಲ್ಲಿ ಸುತ್ತಿತು.
ನೋಡುತ್ತ ನಿಂತವರು
ತುಸು ಹೊತ್ತು ಮಾತಾಡಲಿಲ್ಲ.

ಶನಿವಾರ ಮಕ್ಕಳು ನಾಯಿಗಳಿಗೆ ಕತೆ ಓದುತ್ತಾರೆ.
ತೊದಲುವ ಒರೀಟಾ ಪ್ರತಿಸಲ ಮುದಿ ಬೇಟೆನಾಯಿಯ ಬಳಿಯೇ ಕೂರುತ್ತಾಳೆ.
ಅದಕ್ಕೆ ಕಿವಿ ಕೇಳುವುದಿಲ್ಲ ಎಂದು
ನಾವು ಯಾರೂ ಹೇಳಿರಲಿಲ್ಲ.
ಅವಳಿಗೆ ಗೊತ್ತಂತೆ, ಮೊದಲ ದಿನದಿಂದ.

ಕಳೆದ ವಾರ ಸರಕಾರದವನೊಬ್ಬ, ನುಣುಪು ಬೂಟು.
"ಎಷ್ಟು ಬೆಳೆದಿದ್ದೀರಿ?"
ತಗಡಿನ ಸೂರು ತೋರಿಸಿದೆವು, ಹದಿನೆಂಟು ಗೂಡು,
ಅದರಲ್ಲಿ ಹತ್ತು ಖಾಲಿ.
ಹಾಳೆಯ ಮೇಲೆ ಅವನ ಹುಬ್ಬು ಗಂಟಾಯಿತು:
"ಸಂಖ್ಯೆ ಇಳಿಯುತ್ತಿದೆಯಲ್ಲ?"
ವರ್ಲೀನ್ ನಕ್ಕಳು. ಕಾಫಿ ಕೊಟ್ಟಳು.
ಹಣ ಬರುತ್ತದೋ ಇಲ್ಲವೋ.

ಇವತ್ತು ತಾರೀಕು ಬರೆದು ಕೂತಿದ್ದೇನೆ.
ಮಧ್ಯಾಹ್ನ ದಾಟಿತು, ಯಾರೂ ಬರಲಿಲ್ಲ.
ಕುಂಟ ಬೆಕ್ಕು ಮೇಜು ಹತ್ತಿ
ತೆರೆದ ಪುಟದ ಮೇಲೆ, ಬಲಗಡೆಗೆ,
ನಾಲ್ಕನೆಯ ಕಾಲಂ ಮುಚ್ಚಿ ಮಲಗಿದೆ.
ಮುಟ್ಟಿದರೆ
ಈಗಲೂ ಪರಚುತ್ತದೆ.